ಕೂಸಿನ ಎತ್ತರಕ್ಕೆ ಆಲ್ಪ್ಸ್

ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ ಎಂಬ ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಬೆಂಗಳೂರು 900 ಮೀಟರಿಗೂ ಮೇಲಿದೆ. ಅಂದರೆ, ಹಿಮಶಿಖರಗಳ ಬುಡದ ಆ ಕಣಿವೆಯಲ್ಲಿ ರಾತ್ರಿ ಕಳೆಯುವ ಜಯನಗರದ ಮಗು ತನ್ನ ಮನೆಯ ಮಂಚಕ್ಕಿಂತ ನೂರು ಮೀಟರ್ ಕೆಳಗೆ ಮಲಗಿರುತ್ತದೆ. ‘ಇಷ್ಟು ಚಿಕ್ಕ ಮಗೂನ ಕಟ್ಕೊಂಡು ಆಲ್ಪ್ಸ್‌ಗೆ ಹೋಗ್ತೀರಾ?’ ಎಂದು ಮನೆಯ ಹಿರಿಯರು ಕೇಳುವ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ. ಉಳಿದರ್ಧ ಇರುವುದು ಹಗಲಲ್ಲಿ ಆ ಮಗುವನ್ನು ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು, ಯಾವ ಹೊತ್ತಿನಲ್ಲಿ ಕರೆದೊಯ್ಯುತ್ತೀರಿ ಎಂಬುದರಲ್ಲಿ.

ಫ್ರಾನ್ಸಿನ ಕಡಲಂಚಿನಿಂದ ಸ್ಲೊವೇನಿಯಾದವರೆಗೆ ಬಿಲ್ಲಿನ ಹಾಗೆ ಬಾಗಿರುವ ಆಲ್ಪ್ಸ್ ಸಾಲು ಸುಮಾರು 1,200 ಕಿಲೋಮೀಟರ್ ಉದ್ದವಿದೆ; ಎಂಟು ದೇಶಗಳ ನೆಲ ಅದಕ್ಕೆ ಸೇರಿದೆ. ನಮ್ಮಲ್ಲಿ ಪ್ರವಾಸದ ಪಟ್ಟಿ ಹಾಕುವಾಗ ಈ ಉದ್ದವೇ ಕಣ್ಣು ಕುಕ್ಕುತ್ತದೆ. ಇವತ್ತು ಟಿಟ್ಲಿಸ್, ನಾಳೆ ಯುಂಗ್‌ಫ್ರೌ, ನಾಡಿದ್ದು ಇನ್ಸ್‌ಬ್ರುಕ್, ಅದರಾಚೆ ವೆನಿಸ್. ಇಬ್ಬರೇ ಹೋಗುವಾಗ ಇದು ಹೇಗೋ ನಡೆದೀತು. ಎರಡು ವರ್ಷದ ಕೂಸು ಜೊತೆಗಿದ್ದರೆ ಪ್ರತಿದಿನ ಪೆಟ್ಟಿಗೆ ಕಟ್ಟುವುದು, ಹೊಸ ಮಂಚ, ಹೊಸ ಬಚ್ಚಲು, ಬಸ್ಸಿನಲ್ಲಿ ಅರೆಬರೆ ನಿದ್ದೆ ಎಂದು ಮೂರನೇ ದಿನಕ್ಕೇ ಮಗು ರಚ್ಚೆ ಹಿಡಿಯುತ್ತದೆ, ಅಪ್ಪ–ಅಮ್ಮನೂ ಬಳಲಿರುತ್ತಾರೆ. ಆದ್ದರಿಂದ ಶಿಖರಗಳ ಹೆಸರು ಬರೆದುಕೊಂಡು ಹೊರಡುವುದನ್ನು ಬಿಟ್ಟು, ಒಂದೋ ಎರಡೋ ಕಣಿವೆಗಳನ್ನು ಆರಿಸಿ ಅಲ್ಲಿ ಬಿಡಾರ ಹೂಡಬೇಕು. ಹಗಲ ಓಡಾಟವೆಲ್ಲ ಹೆಚ್ಚಾಗಿ 800ರಿಂದ 2,300 ಮೀಟರ್ ನಡುವೆ ಇರಬೇಕು. ಕರ್ನಾಟಕದ ನೆತ್ತಿಯಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅದಕ್ಕಿಂತ ತುಸು ಕೆಳಗೆ, ತುಸು ಮೇಲೆ ಇರುವ ಈ ನಡುವಿನ ಪಟ್ಟಿಯಲ್ಲೇ ಆಲ್ಪ್ಸ್‌ನ ಹುಲ್ಲುಗಾವಲು, ಹಸು, ತೊರೆ, ಹೂವು, ಆಟದ ಅಂಗಳ ಎಲ್ಲವೂ ಇವೆ. ಹಿಮಶಿಖರಗಳು ಚೆನ್ನಾಗಿ ಕಾಣುವುದೂ ಇಲ್ಲಿಂದಲೇ.

ಹಾಗಾದರೆ ಯುಂಗ್‌ಫ್ರೌಯೋಖ್ ಬೇಡವೇ? ಭಾರತೀಯರ ಮಟ್ಟಿಗೆ ಈ ಪ್ರಶ್ನೆ ಸಣ್ಣದಲ್ಲ. ಹಿಂದಿ ಸಿನಿಮಾಗಳು ಬೆರ್ನ್ ಪ್ರಾಂತ್ಯದ ಈ ಬೆಟ್ಟಗಳನ್ನು ನಮ್ಮ ಮನೆಮನೆಗೆ ತಂದವು. ಇಂಟರ್‌ಲಾಕನ್‌ನಲ್ಲಿ ನಿರ್ದೇಶಕ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ 2016ರಲ್ಲಿ ನಿಲ್ಲಿಸಿದ್ದಾರೆ. ಐಗರ್ ಬೆಟ್ಟದ ಹೊಟ್ಟೆ ಕೊರೆದು ಸಾಗುವ ರೈಲು 1912ರಲ್ಲಿ ಯುಂಗ್‌ಫ್ರೌಯೋಖ್ ತಲುಪಿತು. 3,454 ಮೀಟರಿನಲ್ಲಿರುವ ಅದು ಯೂರೋಪಿನ ಅತಿ ಎತ್ತರದ ರೈಲು ನಿಲ್ದಾಣ. 2020ರ ಡಿಸೆಂಬರಿನಲ್ಲಿ ಐಗರ್ ಎಕ್ಸ್‌ಪ್ರೆಸ್ ಎಂಬ ಹೊಸ ಕೇಬಲ್ ಕಾರ್ ಶುರುವಾದ ಮೇಲೆ ಗ್ರಿಂಡೆಲ್‌ವಾಲ್ಡ್‌ನಿಂದ ಮುಕ್ಕಾಲು ಗಂಟೆಯಲ್ಲಿ ಮೇಲೆ ಹೋಗಿಬಿಡಬಹುದು. ದೊಡ್ಡವರಿಗೆ ಅನುಕೂಲ ಎನಿಸುವ ಈ ವೇಗವೇ ಮಗುವಿನ ವಿಷಯದಲ್ಲಿ ಯೋಚಿಸಬೇಕಾದ ಸಂಗತಿ. ಮುಕ್ಕಾಲು ಗಂಟೆಯಲ್ಲಿ ಎರಡೂವರೆ ಸಾವಿರ ಮೀಟರ್ ಏರಿದಂತಾಯಿತು. ಮೇಲೆ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲಿನಷ್ಟು.

ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ, ಅದೂ ಕೆಲವು ಗಂಟೆಗಳು ಕಳೆದ ಮೇಲೆ ತಲೆದೋರುತ್ತದೆ. ಆದ್ದರಿಂದ ಆರೋಗ್ಯವಾಗಿರುವ ಮಗುವನ್ನು ಒಂದೆರಡು ಗಂಟೆಗೆಂದು ಮೇಲೆ ಕರೆದೊಯ್ದು ಇಳಿಸಿದರೆ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ತೊಡಕು ಬೇರೆ ಕಡೆ ಇದೆ. ದೊಡ್ಡವರು ‘ತಲೆ ಸಿಡೀತಿದೆ’ ಎಂದು ಬಾಯಿಬಿಟ್ಟು ಹೇಳುತ್ತಾರೆ. ಮಾತು ಬಾರದ ಕೂಸು ಕಿರಿಕಿರಿ ಮಾಡುತ್ತದೆ, ಊಟ ಬೇಡವೆನ್ನುತ್ತದೆ, ಮಂಕಾಗಿ ಹೆಗಲಿಗೆ ಒರಗುತ್ತದೆ, ವಾಂತಿ ಮಾಡಿಕೊಳ್ಳುತ್ತದೆ. ಇವೆಲ್ಲ ನಿದ್ದೆಗೆಟ್ಟಾಗಲೂ ಮಾಡುವ ಕೆಲಸಗಳೇ. ಎರಡನ್ನೂ ಬೇರೆ ಮಾಡಿ ನೋಡುತ್ತ ಕೂರುವ ಜಾಗ ಅದಲ್ಲ. ಅನುಮಾನ ಬಂತೆಂದರೆ ಮುಂದಿನ ರೈಲಿಗೇ ಇಳಿಯಬೇಕು. ನೆಗಡಿಯೋ ಕಿವಿಸೋಂಕೋ ಇರುವ ಮಗುವಿಗೆ ಇಳಿಯುವಾಗ ಕಿವಿ ಜೋರಾಗಿ ನೋಯುತ್ತದೆ, ಏಕೆಂದರೆ ಮೂಗಿನ ಹಿಂಬದಿಯನ್ನೂ ಕಿವಿಯನ್ನೂ ಜೋಡಿಸುವ ನಾಳ ಆ ವಯಸ್ಸಿನಲ್ಲಿ ಬಲು ಸಪೂರ. ಇಳಿಯುವಷ್ಟು ಹೊತ್ತೂ ಗುಟುಕು ಗುಟುಕಾಗಿ ನೀರು ಕುಡಿಸುತ್ತಿರಬೇಕು, ಎದೆಹಾಲು ಕುಡಿಯುವ ಮಗುವಾದರೆ ಹಾಲೂಡಬೇಕು. ಹೃದಯ, ಶ್ವಾಸಕೋಶದ ತೊಂದರೆ ಇರುವ ಮಗುವಾದರೆ ಊರಲ್ಲೇ ವೈದ್ಯರನ್ನು ಕೇಳದೆ ಟಿಕೆಟ್ ಮಾಡಿಸಬಾರದು. 2,500 ಮೀಟರಿಗಿಂತ ಮೇಲಿನ ವಸತಿಯಲ್ಲಿ ಈ ವಯಸ್ಸಿನ ಮಕ್ಕಳೊಡನೆ ರಾತ್ರಿ ತಂಗುವುದು ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲವು ಜಾಗಗಳು ಈ ತೀರ್ಮಾನವನ್ನು ನಮಗೇ ಬಿಟ್ಟಿಲ್ಲ. ಫ್ರಾನ್ಸಿನ ಶಾಮೊನಿಯಿಂದ 3,800 ಮೀಟರಿನ ಏಗ್ವಿ ದ್ಯು ಮಿದಿಗೆ ಏರುವ ಕೇಬಲ್ ಕಾರಿನಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಲೌಟರ್‌ಬ್ರುನೆನ್ ಕಣಿವೆಯ ಟ್ರ್ಯುಮೆಲ್‌ಬಾಖ್ ಜಲಪಾತದಲ್ಲಿ ಕಾರಣವೇ ಬೇರೆ. ಐಗರ್, ಮ್ಯೋಂಖ್, ಯುಂಗ್‌ಫ್ರೌ ಬೆಟ್ಟಗಳ ಹಿಮನದಿಗಳ ನೀರು ಬಂಡೆಯೊಳಗೆ ಭೋರಿಡುತ್ತ ಸೆಕೆಂಡಿಗೆ 20,000 ಲೀಟರ್‌ವರೆಗೂ ಧುಮ್ಮಿಕ್ಕುವ ಆ ಗವಿಯ ಒದ್ದೆ ಮೆಟ್ಟಿಲುಗಳ ಮೇಲೆ ನಾಲ್ಕು ವರ್ಷದೊಳಗಿನವರನ್ನು ಬಿಡುವುದಿಲ್ಲ, ಬೆನ್ನಿಗೆ ಕಟ್ಟಿಕೊಂಡರೂ ಬಿಡುವುದಿಲ್ಲ. ಮನೆಯಲ್ಲಿ ಕೂತು ಪಟ್ಟಿ ಮಾಡುವಾಗಲೇ ಇಂಥ ವಯಸ್ಸಿನ ನಿಯಮಗಳನ್ನು ನೋಡಿಕೊಂಡರೆ ಬಾಗಿಲವರೆಗೆ ಹೋಗಿ ತಿರುಗುವುದು ತಪ್ಪುತ್ತದೆ. ಅಪ್ಪ ನೋಡಿ ಬರುವಷ್ಟು ಹೊತ್ತು ಅಮ್ಮ, ಅಮ್ಮ ನೋಡಿ ಬರುವಷ್ಟು ಹೊತ್ತು ಅಪ್ಪ ಮಗುವಿನೊಂದಿಗೆ ಹೊರಗಿರುವ ಸರದಿಯನ್ನೂ ಮೊದಲೇ ಮಾತಾಡಿಕೊಳ್ಳಬಹುದು.

ಈಗ ಆ ನಡುವಿನ ಎತ್ತರಕ್ಕೆ ಬರೋಣ. ವೆಂಗೆನ್ ಊರಿಗೆ ಕಾರು ಹೋಗುವುದಿಲ್ಲ. ಲೌಟರ್‌ಬ್ರುನೆನ್‌ನಿಂದ ಹಲ್ಲುಚಕ್ರದ ರೈಲೇ ಗತಿ. ಅಲ್ಲಿಂದ ಕೇಬಲ್ ಕಾರ್ ಹತ್ತಿದರೆ ಕೆಲವೇ ನಿಮಿಷಗಳಲ್ಲಿ 2,230 ಮೀಟರಿನ ಮೆನ್ಲಿಖೆನ್ ಬೋರೆ. ಇಳಿದ ಕಡೆಯೇ ಹಸುವಿನ ಆಕಾರದ ದೊಡ್ಡ ಮರದ ಆಟದ ಮನೆ, ಜಾರುಬಂಡೆ. ಎದುರಿಗೆ ಐಗರ್, ಮ್ಯೋಂಖ್, ಯುಂಗ್‌ಫ್ರೌ ಮೂರೂ ಸಾಲಾಗಿ ನಿಂತಿವೆ. ಇಲ್ಲಿಂದ ಕ್ಲೈನೆ ಶೈಡೆಗ್‌ಗೆ ಹೋಗುವ ಕಾಲುದಾರಿ ಐದು ಕಿಲೋಮೀಟರಿಗೂ ಕಡಿಮೆ, ಬಹುಪಾಲು ಇಳಿಜಾರು, ಅಗಲವಾದದ್ದು. ಗಟ್ಟಿ ಗಾಲಿಯ ತಳ್ಳುಗಾಡಿಯೂ ಸಾಗುತ್ತದೆ. ದೊಡ್ಡವರು ಒಂದೂವರೆ ಗಂಟೆಯಲ್ಲಿ ಮುಗಿಸುವ ಆ ದಾರಿಗೆ ಕೂಸಿನ ಜೊತೆ ಮೂರು ಗಂಟೆ ಇಟ್ಟುಕೊಳ್ಳಿ. ಸ್ವಿಟ್ಜರ್ಲೆಂಡಿನ ಹಳದಿ ಕೈಮರಗಳ ಮೇಲೆ ಬರೆದಿರುವುದು ದೂರವನ್ನಲ್ಲ, ನಡೆಯಲು ಹಿಡಿಯುವ ಹೊತ್ತನ್ನು. ಅದರಲ್ಲಿ ನಿಂತು ಕೂತು ಹೋಗುವ ವಿರಾಮ ಸೇರಿಲ್ಲ. ಕೈಮರ ಹಳದಿಯಷ್ಟೇ ಆಗಿದ್ದರೆ ಸಾಧಾರಣ ಹಾದಿ. ಅದರ ತುದಿಯಲ್ಲಿ ಬಿಳಿ–ಕೆಂಪು–ಬಿಳಿ ಪಟ್ಟೆ ಕಂಡರೆ ಕಡಿದಾದ ಬೆಟ್ಟದ ಹಾದಿ. ಮಗುವನ್ನು ಹೊತ್ತು ನಡೆದು ಅಭ್ಯಾಸವಿಲ್ಲದವರು ಅಲ್ಲಿಂದ ಹಿಂದಿರುಗುವುದೇ ಸರಿ. ಬಿಳಿ–ನೀಲಿ–ಬಿಳಿ ಪಟ್ಟೆಯ ದಾರಿ ಪರ್ವತಾರೋಹಿಗಳದು.

ಮೂರು ಗಂಟೆ ಯಾಕೆ ಬೇಕು ಎಂಬುದು ದಾರಿಬದಿಯ ನೀರಿನ ತೊಟ್ಟಿಯ ಹತ್ತಿರ ಹೋದರೆ ಗೊತ್ತಾಗುತ್ತದೆ. ಅಲ್ಲಿ ದನಗಳಿಗೆಂದು ಮರದ ದಿಮ್ಮಿಯನ್ನೇ ತೋಡಿ ಮಾಡಿದ ಉದ್ದನೆಯ ತೊಟ್ಟಿಗಳಿರುತ್ತವೆ. ಒಂದು ತುದಿಯಲ್ಲಿ ಸಣ್ಣ ಕೊಳವೆಯಿಂದ ಬುಗ್ಗೆಯ ನೀರು ಬೀಳುತ್ತಿರುತ್ತದೆ, ತುಂಬಿದ್ದು ಇನ್ನೊಂದು ತುದಿಯಲ್ಲಿ ಸುರಿದು ಹುಲ್ಲಿಗೆ ಹೋಗುತ್ತದೆ. ಅಂಚು ಸರಿಯಾಗಿ ಎರಡು ವರ್ಷದ ಮಗುವಿನ ಎದೆಮಟ್ಟಕ್ಕೆ. ಮಗು ಮೊದಲು ಒಂದು ಬೆರಳು ಅದ್ದುತ್ತದೆ, ಕೊರೆಯುವ ನೀರಿಗೆ ಬೆಚ್ಚಿ ಕೈ ಎಳೆದುಕೊಳ್ಳುತ್ತದೆ, ಅಮ್ಮನ ಮುಖ ನೋಡುತ್ತದೆ, ಮತ್ತೆ ಅದ್ದುತ್ತದೆ. ಆಮೇಲೆ ದಾರಿಯ ಒಂದೊಂದೇ ಕಲ್ಲು ಹೆಕ್ಕಿ ತಂದು ನೀರಿಗೆ ಹಾಕುವ ಕೆಲಸ ಶುರು. ಕಲ್ಲು ‘ಬುಳುಕ್’ ಎನ್ನುತ್ತದೆ, ಮಗು ನಗುತ್ತದೆ, ಇನ್ನೊಂದು ಕಲ್ಲಿಗೆ ಹೋಗುತ್ತದೆ. ಆ ಕೆಲಸ ಮುಗಿಯುವವರೆಗೆ ಕೂತಿರುವುದಕ್ಕೆ ಹುಲ್ಲಿದೆ, ಎದುರಿಗೆ ಐಗರ್ ಇದೆ. ಮುಂದಿನ ರೈಲು ತಪ್ಪೀತೆಂಬ ಅವಸರವನ್ನು ಬೆಳಿಗ್ಗೆಯೇ ಬಿಟ್ಟು ಬಂದಿದ್ದರೆ ಇದಕ್ಕಿಂತ ಒಳ್ಳೆಯ ಅರ್ಧ ಗಂಟೆ ಆ ಬೆಟ್ಟಗಳಲ್ಲಿ ಯಾರಿಗೂ ಸಿಗಲಾರದು. ಒಂದೇ ಎಚ್ಚರ: ತೊಟ್ಟಿ ಆಳವಿಲ್ಲದಿದ್ದರೂ ಮಗುವಿನಿಂದ ಕೈಯಳತೆಯಲ್ಲೇ ಇರಬೇಕು.

ಹಸುಗಳ ವಿಷಯದಲ್ಲಿ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಬೀದಿಯ ಹಸುವಿಗೆ ಬಾಳೆಹಣ್ಣು ತಿನ್ನಿಸಿ, ಮಗುವಿನ ಕೈಯಿಂದ ಅದರ ಹಣೆ ಮುಟ್ಟಿಸಿ ಬೆಳೆದವರು ನಾವು. ಆಲ್ಪ್ಸ್‌ನ ಮೇವುಗಾವಲಿನಲ್ಲಿ ಕರುವಿನ ಜೊತೆಗಿರುವ ಹಸು ಹಾಗಲ್ಲ. ಕರುವಿನ ಹತ್ತಿರ ಹೋದವರನ್ನು ಅಟ್ಟಿಸಿಕೊಂಡು ಬಂದು ಹಾಯುತ್ತದೆ. ದೂರದಿಂದಲೇ ಮಗುವಿಗೆ ಗಂಟೆಯ ಸದ್ದು ಕೇಳಿಸಿ, ಕೈಬೀಸಿ, ದಾರಿ ಬಿಡದೆ ಮುಂದೆ ಸಾಗಬೇಕು.

ಇನ್ನು ಹೊತ್ತಿನ ಲೆಕ್ಕ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಮನೆಯಲ್ಲಿ ಏಳೂವರೆಗೆ ಏಳುವ ಮಗು ಅಲ್ಲಿ ಮೊದಲ ದಿನಗಳಲ್ಲಿ ನಸುಕಿನ ನಾಲ್ಕಕ್ಕೇ ಕಣ್ಣು ಬಿಡುತ್ತದೆ, ಸಂಜೆ ಆರಕ್ಕೆ ತೂಕಡಿಸುತ್ತದೆ. ಎಲ್ಲರೂ ಇದನ್ನು ಕಾಟವೆಂದೇ ಎಣಿಸುತ್ತಾರೆ. ಆಲ್ಪ್ಸ್ ಮಟ್ಟಿಗೆ ಇದು ವರ. ಜುಲೈ–ಆಗಸ್ಟ್‌ನಲ್ಲಿ ಬೆಳಗಿನ ಆಕಾಶ ನಿಚ್ಚಳವಾಗಿದ್ದು, ನೆಲ ಕಾದಂತೆಲ್ಲ ಮೋಡ ಕಟ್ಟಿ, ಮಧ್ಯಾಹ್ನ ಕಳೆದ ಮೇಲೆ ಗುಡುಗು–ಮಿಂಚಿನ ಮಳೆ ಹೊಡೆಯುವುದು ಅಲ್ಲಿ ಮಾಮೂಲು. ಬೆಳಗಿನ ಮೊದಲ ಕೇಬಲ್ ಕಾರಿಗೆ ಹೊರಟವರಿಗೆ ಶಿಖರವೂ ಕಾಣುತ್ತದೆ, ಜನಸಂದಣಿಯೂ ಇರುವುದಿಲ್ಲ. ಮಧ್ಯಾಹ್ನದ ನಿದ್ದೆಗೆ ಮಗು ಕೆಳಗೆ ಬಿಡಾರದಲ್ಲಿರುತ್ತದೆ. ಹಾಗಾಗಿ ಮಗುವನ್ನು ಅಲ್ಲಿನ ಸಮಯಕ್ಕೆ ಪೂರ್ತಿ ಒಗ್ಗಿಸಲು ಹೆಣಗಬೇಡಿ. ದಿನ ಬಿಟ್ಟು ದಿನ ಅರ್ಧ ಗಂಟೆ ತಾನಾಗಿ ಸರಿಯಲಿ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಆದ್ದರಿಂದ ಮಲಗುವ ಕೋಣೆಗೆ ಕತ್ತಲು ಮಾಡುವ ಕಿಟಕಿಬಾಗಿಲು ಇದೆಯೇ ಎಂದು ಮನೆ ಕಾದಿರಿಸುವಾಗಲೇ ಕೇಳಿಕೊಳ್ಳಿ. ಬಹುತೇಕ ಎಲ್ಲ ಶಿಖರ ನಿಲ್ದಾಣಗಳಲ್ಲೂ ನೇರಪ್ರಸಾರದ ಕ್ಯಾಮೆರಾಗಳಿವೆ. ಹೊರಡುವ ಮುನ್ನ ಫೋನಿನಲ್ಲಿ ನೋಡಿ, ಮೇಲೆ ಬರೀ ಮಂಜು ಕಂಡರೆ ಆ ದಿನವನ್ನು ಕೆರೆದಂಡೆಗೆ ಕೊಟ್ಟುಬಿಡಬಹುದು.

ಯಾವ ತಿಂಗಳು ಎಂಬಲ್ಲಿ ಪುಟಾಣಿಯ ಮನೆಯವರಿಗೆ ಒಂದು ಸ್ವಾತಂತ್ರ್ಯವಿದೆ, ಅದನ್ನು ಬಹಳ ಜನ ಬಳಸಿಕೊಳ್ಳುವುದಿಲ್ಲ. ಕನ್ನಡನಾಡಿನ ಕುಟುಂಬಗಳು ವಿದೇಶಕ್ಕೆ ಹೊರಡುವುದು ಶಾಲೆಯ ಬೇಸಿಗೆ ರಜೆಯಲ್ಲಿ, ಏಪ್ರಿಲ್–ಮೇ ತಿಂಗಳಲ್ಲಿ. ಆಲ್ಪ್ಸ್‌ನಲ್ಲಿ ಅದು ಎರಡು ಋತುಗಳ ನಡುವಿನ ಸಂದಿ. ಸ್ಕೀ ಮುಗಿದಿರುತ್ತದೆ, ನಡುವಿನ ಎತ್ತರದ ಹಾದಿಗಳ ಮೇಲೆ ಹಿಮ ಇನ್ನೂ ಕರಗಿರುವುದಿಲ್ಲ, ಅನೇಕ ಕೇಬಲ್ ಕಾರುಗಳು ವಾರ್ಷಿಕ ದುರಸ್ತಿಗೆಂದು ನಿಂತಿರುತ್ತವೆ. ಮೇಲೆ ಹೇಳಿದ ಮೆನ್ಲಿಖೆನ್ ದಾರಿಯಲ್ಲಿ ಆಗ ಮಗುವಿಗೆ ಏನೂ ಇಲ್ಲ. ಎರಡು ವರ್ಷದ ಮಗುವಿಗೆ ಶಾಲೆಯೇ ಇಲ್ಲವಲ್ಲ. ಜೂನ್ ಕೊನೆಯ ವಾರದಿಂದ ಜುಲೈವರೆಗೆ ಹೂಗಳ ಕಾಲ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಇನ್ನೂ ಮೇಲು. ಯೂರೋಪಿನ ಶಾಲೆಗಳು ಮತ್ತೆ ಶುರುವಾಗಿ ಜನ ಕಡಿಮೆಯಾಗಿರುತ್ತಾರೆ, ಗುಡುಗುಮಳೆ ಇಳಿದಿರುತ್ತದೆ, ಬೇಸಿಗೆಯಿಡೀ ಮೇಲೆ ಮೇಯ್ದ ದನಗಳಿಗೆ ಹೂವಿನ ಕಿರೀಟ ಕಟ್ಟಿ, ದೊಡ್ಡ ಗಂಟೆ ತೊಡಿಸಿ ಊರಿಗೆ ಇಳಿಸಿಕೊಂಡು ಬರುವ ಮೆರವಣಿಗೆ ಆ ತಿಂಗಳಲ್ಲೇ. ಆಲ್ಪ್ಸ್‌ನಲ್ಲಿ ಮಗುವಿಗೆ ತೋರಿಸಲೇಬೇಕಾದದ್ದು ಒಂದಿದ್ದರೆ ಅದು.

ವಿಮಾನದ ಲೆಕ್ಕವೂ ವಯಸ್ಸಿನ ಮೇಲಿದೆ. ಎರಡು ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಭಾಗದಷ್ಟು ಶುಲ್ಕ. ಪ್ರವಾಸದ ನಡುವೆ ಹುಟ್ಟುಹಬ್ಬ ಬಿದ್ದರೆ ಬರುವಾಗಿನ ಪ್ರಯಾಣಕ್ಕೆ ಪೂರ್ತಿ ಸೀಟು ಕೊಳ್ಳಬೇಕು. ಇನ್ನು ನೆಲದ ಮೇಲೆ ಸ್ವಿಟ್ಜರ್ಲೆಂಡಿನ ರೈಲುಗಳಲ್ಲಿ ದೊಡ್ಡವರ ಜೊತೆಗಿರುವ ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಅಲ್ಲಿನ ಡಬಲ್ ಡೆಕರ್ ದೂರಸಂಚಾರಿ ರೈಲುಗಳ ಒಂದು ಬೋಗಿಯ ಮಹಡಿಯಲ್ಲಿ ಮಕ್ಕಳಿಗೆಂದೇ ಜಾರುಬಂಡೆ ಸಮೇತ ಆಟದ ಜಾಗ ಮಾಡಿದ್ದಾರೆ. ಪ್ಲಾಟ್‌ಫಾರ್ಮಿನ ಫಲಕದಲ್ಲಿ ಆ ಬೋಗಿ ಎಲ್ಲಿ ನಿಲ್ಲುತ್ತದೆಂದು ನೋಡಿ ಅಲ್ಲೇ ಹೋಗಿ ನಿಂತರೆ ಬೆರ್ನ್ ದಾಟಿದ್ದೂ ತಿಳಿಯುವುದಿಲ್ಲ. ಇಷ್ಟಿರುವಾಗ ಕಾರು ಬಾಡಿಗೆಗೆ ಹಿಡಿಯುವ ಯೋಚನೆ ನನಗೆ ಹಿಡಿಸುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 12 ವರ್ಷ ಅಥವಾ 150 ಸೆಂಟಿಮೀಟರ್ ಆಗುವವರೆಗೆ ಮಕ್ಕಳ ಸೀಟು ಕಡ್ಡಾಯ. ಬೇರೆ ದೇಶಗಳಲ್ಲಿ ಅಳತೆ ಬೇರೆಯಾದರೂ ಪುಟಾಣಿಗಂತೂ ಎಲ್ಲ ಕಡೆ ಬೇಕೇ ಬೇಕು, ತೊಡೆಯ ಮೇಲೆ ಕೂರಿಸಿಕೊಳ್ಳುವ ನಮ್ಮ ರೂಢಿ ಅಲ್ಲಿ ಅಪರಾಧ. ಅದರ ಮೇಲೆ ಘಾಟಿ ತಿರುವುಗಳು. ಆಗುಂಬೆಯ 14 ತಿರುವುಗಳಲ್ಲೇ ಹೊಟ್ಟೆ ತೊಳಸುವ ಮಗುವಿಗೆ, ಒಂದೇ ಮಗ್ಗುಲಲ್ಲಿ 48 ತಿರುವುಗಳಿರುವ ಇಟಲಿಯ ಸ್ಟೆಲ್ವಿಯೊ ಘಾಟಿಯನ್ನು ತೋರಿಸುವ ಹಟ ಯಾಕೆ?

ಹಾಗಿದ್ದರೆ ಆಲ್ಪ್ಸ್ ದಾಟುವುದು ಹೇಗೆ? ದಾಟಲೇಬೇಕೆಂಬ ಆಸೆ ಇದ್ದವರಿಗೆ ನಾನು ಹೇಳುವ ದಾರಿ ಇದು. ಜ್ಯೂರಿಕ್‌ನಲ್ಲಿ ಇಳಿದು, ವಿಮಾನ ನಿಲ್ದಾಣದ ಅಡಿಯಲ್ಲೇ ಇರುವ ರೈಲು ನಿಲ್ದಾಣದಿಂದ ಹೊರಟರೆ ಮೂರು ಗಂಟೆಯ ಆಸುಪಾಸಿನಲ್ಲಿ ಲೌಟರ್‌ಬ್ರುನೆನ್. ಅಲ್ಲಿ ಐದು ರಾತ್ರಿ. ಬಳಿಕ ಪೂರ್ವಕ್ಕೆ, ಎಂಗಾಡಿನ್ ಕಣಿವೆಯ ಪೊಂಟ್ರೆಸಿನಾ ಊರಿಗೆ. ಅದರ ಎತ್ತರ 1,800 ಮೀಟರ್, ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಮಲಗಿದಂತೆ. ಮೊದಲು ಕೆಳಗೆ ಮಲಗಿ ಆಮೇಲೆ ಮೇಲೆ ಮಲಗುವ ಈ ಕ್ರಮ ಮಗುವಿನ ಮೈಗೆ ಒಗ್ಗುತ್ತದೆ. ಇದನ್ನು ತಿರುಗಾಮುರುಗಾ ಮಾಡಬಾರದು. ಈ ಊರಿಂದ ಆ ಊರಿಗೆ ಪಯಣ ದೀರ್ಘವಾದದ್ದು, ನಡುವೆ ಕೂರ್ ಪಟ್ಟಣದಲ್ಲಿ ಇಳಿದು ಊಟ ಮುಗಿಸಿ ಮಗುವನ್ನು ಓಡಾಡಲು ಬಿಟ್ಟು ಮುಂದೆ ಹೋಗಬೇಕು. ಮೂರು ದಿನ ಪೊಂಟ್ರೆಸಿನಾದಲ್ಲಿದ್ದು, ಬೆರ್ನಿನಾ ರೈಲು ಹಿಡಿದು ಇಟಲಿಯ ಟಿರಾನೊಗೆ ಇಳಿದರೆ ಆಲ್ಪ್ಸ್ ದಾಟಿದಂತಾಯಿತು. ಅಲ್ಲಿಂದ ಮಿಲಾನ್ ಎರಡೂವರೆ ಗಂಟೆ. ಬರುವ ಟಿಕೆಟನ್ನು ಮಿಲಾನ್‌ನಿಂದಲೇ ಮಾಡಿಸಿದ್ದರೆ ಬಂದ ದಾರಿಯಲ್ಲೇ ಹಿಂದಿರುಗುವ ಕಷ್ಟವಿಲ್ಲ.

ಬೆರ್ನಿನಾ ಮಾರ್ಗ 1910ರಲ್ಲಿ ಪೂರ್ತಿಯಾಯಿತು. ಪಕ್ಕದ ಆಲ್ಬುಲಾ ಮಾರ್ಗದೊಡನೆ 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 2,253 ಮೀಟರಿನ ಒಸ್ಪಿತ್ಸಿಯೊ ಬೆರ್ನಿನಾದಿಂದ 429 ಮೀಟರಿನ ಟಿರಾನೊವರೆಗೆ ಹಲ್ಲುಚಕ್ರದ ಹಂಗಿಲ್ಲದೆ, ಸಾಧಾರಣ ಹಳಿಯ ಮೇಲೇ ಇಳಿಯುತ್ತದೆ. ಬ್ರೂಸಿಯೊ ಎಂಬಲ್ಲಿ ಕಲ್ಲಿನ ಕಮಾನುಗಳ ಮೇಲೆ ಸುತ್ತು ಹಾಕಿ ತನ್ನ ಹಳಿಯ ಅಡಿಯಲ್ಲೇ ನುಸುಳುತ್ತದೆ. ಎಲ್ಲರೂ ದೊಡ್ಡ ಗಾಜಿನ ಬೆರ್ನಿನಾ ಎಕ್ಸ್‌ಪ್ರೆಸ್‌ಗೆ ಮುಗಿಬೀಳುತ್ತಾರೆ. ಅದಕ್ಕೆ ಸೀಟು ಕಾದಿರಿಸುವುದು ಕಡ್ಡಾಯ, ಬೇರೆ ಶುಲ್ಕವೂ ಇದೆ. ಅದೇ ಹಳಿಯ ಮೇಲೆ ದಿನವಿಡೀ ಓಡುವ ಸಾಧಾರಣ ಪ್ರಾದೇಶಿಕ ರೈಲಿಗೆ ಕಾದಿರಿಸುವ ಅಗತ್ಯವಿಲ್ಲ, ಹಲವು ಬೋಗಿಗಳ ಕಿಟಕಿ ತೆರೆಯುತ್ತದೆ, ಮಗು ಹಟ ಹಿಡಿದರೆ ಯಾವ ನಿಲ್ದಾಣದಲ್ಲಾದರೂ ಇಳಿದು ಮುಂದಿನ ರೈಲಿಗೆ ಹತ್ತಬಹುದು. ಕೂಸಿನ ಮನೆಯವರಿಗೆ ಇದೇ ಸರಿ. ಪಾಲ್ಯು ಹಿಮನದಿ ಎದುರಿಗೇ ಕಾಣುವ ಆಲ್ಪ್ ಗ್ರ್ಯುಮ್‌ನಲ್ಲಿ ಇಳಿದು ಕೂರಲು ಮಗುವಿನ ಹಟವೂ ಬೇಕಿಲ್ಲ. ಝರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ ಹೋಗುವ ಗ್ಲೇಸಿಯರ್ ಎಕ್ಸ್‌ಪ್ರೆಸ್ ಎಷ್ಟೇ ಹೆಸರಾಗಿರಲಿ, ಎಂಟು ಗಂಟೆ ಒಂದೇ ಸೀಟು. ಅದು ಮಗು ದೊಡ್ಡದಾದ ಮೇಲಿನ ಮಾತು.

ಮ್ಯೂನಿಕ್‌ನಲ್ಲಿ ಮಗ–ಸೊಸೆಯೋ ಮಗಳು–ಅಳಿಯನೋ ಇರುವ ಮನೆಗಳು ಈಗ ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ಬ್ರೆನ್ನರ್ ದಾರಿ ಹತ್ತಿರ. ಎರಡು ಗಂಟೆಯೊಳಗೆ ಇನ್ಸ್‌ಬ್ರುಕ್, ಅಲ್ಲಿಂದ ಮತ್ತೆರಡು ಗಂಟೆಗೆ ಬೋಲ್ಜಾನೊ, ಅದರ ನೆತ್ತಿಯ ಮೇಲೆ ಸೈಸರ್ ಆಲ್ಮ್ ಎಂಬ ವಿಶಾಲ ಹುಲ್ಲುಗಾವಲು, ಸುತ್ತ ಡೊಲೊಮೈಟ್ ಬೆಟ್ಟಗಳು. ಹಗಲಲ್ಲಿ ಖಾಸಗಿ ಕಾರುಗಳಿಗೆ ಮೇಲೆ ಬರಲು ಬಿಡದ ಕಾರಣ ಅಲ್ಲಿ ಮಗುವನ್ನು ನೆಮ್ಮದಿಯಾಗಿ ಕೆಳಗೆ ಬಿಡಬಹುದು. ಆಸ್ಟ್ರಿಯಾದ ಟಿರೋಲ್‌ನ ಸೆರ್ಫಾಸ್ ಹಳ್ಳಿಯೂ ಅಂಥದ್ದೇ. ಬೀದಿಯಲ್ಲಿ ಕಾರು ಬೇಡವೆಂದು 1985ರಲ್ಲಿ ನೆಲದಡಿ ಪುಟ್ಟ ರೈಲನ್ನೇ ಮಾಡಿಕೊಂಡರು, ನಾಲ್ಕೇ ನಿಲ್ದಾಣ. ಪುಟಾಣಿಗಳು ಇಳಿಯಲೊಲ್ಲದೆ ಅತ್ತಿಂದಿತ್ತ ಓಡಾಡಿಕೊಂಡಿರುತ್ತವೆ.

ಮಗುವನ್ನು ಬೆನ್ನಿಗೆ ಹೊತ್ತು ನಡೆಯುವವರು ಚಳಿಯ ಬಗ್ಗೆ ತಿಳಿದಿರಬೇಕು. ಸಾವಿರ ಮೀಟರ್ ಏರಿದರೆ ತಾಪ ಆರೇಳು ಡಿಗ್ರಿ ಇಳಿಯುತ್ತದೆ. ಕಣಿವೆಯಲ್ಲಿ 24 ಡಿಗ್ರಿ ಇದ್ದಾಗ ಮೆನ್ಲಿಖೆನ್‌ನಲ್ಲಿ 15ರ ಹತ್ತಿರ, ಗಾಳಿ ಬೀಸಿದರೆ ಇನ್ನೂ ಕಡಿಮೆ. ಹೊತ್ತವನು ಬೆವರುತ್ತಿರುತ್ತಾನೆ, ಬೆನ್ನ ಮೇಲೆ ಅಲುಗಾಡದೆ ಕೂತ ಮಗು ಅದೇ ಹೊತ್ತಿಗೆ ನಡುಗುತ್ತಿರುತ್ತದೆ. ಅಪ್ಪನ ಬೆವರು ನೋಡಿ ಮಗುವಿನ ಸ್ವೆಟರ್ ಬಿಚ್ಚುವವರನ್ನು ಕಂಡಾಗ ನನಗೆ ಹೊಟ್ಟೆ ಚುರುಕ್ ಎನ್ನುತ್ತದೆ. ಜೋತುಬಿದ್ದ ಕಾಲುಗಳಿಗೆ ತೊಡೆಯ ಬಳಿಯ ಪಟ್ಟಿ ಒತ್ತಿ ರಕ್ತ ಸರಿಯಾಗಿ ಹರಿಯುವುದಿಲ್ಲ, ಮೊದಲು ತಣ್ಣಗಾಗುವುದು ಪಾದ. ಅರ್ಧ ಗಂಟೆಗೊಮ್ಮೆ ಇಳಿಸಿ, ಬೂಟು ಬಿಚ್ಚಿ, ಕಾಲುಚೀಲದೊಳಗೆ ಬೆರಳು ತೂರಿಸಿ ಪಾದ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಮುಂದೆ. ತಣ್ಣಗಿದ್ದರೆ ಅಂಗೈಯಲ್ಲಿ ಹಿಡಿದು ಕಾಯಿಸಿ, ಒಂದಿಷ್ಟು ನಡೆಸಿ, ಆಮೇಲೆ ಎತ್ತಿಕೊಳ್ಳಬೇಕು. ಕಿವಿ ಮುಚ್ಚುವ ಉಣ್ಣೆಯ ಕುಲಾವಿಯನ್ನು ಜುಲೈನಲ್ಲೂ ಬಿಟ್ಟು ಹೋಗಬಾರದು. ಬಿಸಿಲೂ ಅಷ್ಟೇ ಕಟು: ಸಾವಿರ ಮೀಟರಿಗೆ ನೇರಳಾತೀತ ಕಿರಣ ಶೇ 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇ 80ರವರೆಗೂ ತಿರುಗಿ ಮುಖಕ್ಕೆ ಎರಚುತ್ತದೆ. ಪುಟಾಣಿಗೆ ಹೊಂದುವ ಒಳ್ಳೆಯ ತಂಪು ಕನ್ನಡಕವನ್ನು ಊರಲ್ಲೇ ಕೊಂಡು, ವಾರ ಮೊದಲೇ ಹಾಕಿ ರೂಢಿ ಮಾಡಿಸಿದರೆ ಅಲ್ಲಿ ಕಿತ್ತೆಸೆಯುವುದಿಲ್ಲ. ಕಾಡಿನಂಚಿನ ಎತ್ತರದ ಹುಲ್ಲಿನಲ್ಲಿ ಆಡಿದ ದಿನ ಸಂಜೆ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳು, ಮಂಡಿಯ ಸಂದಿ ನೋಡಿ ಉಣ್ಣೆ ಹುಳು ಕಚ್ಚಿದೆಯೇ ಪರೀಕ್ಷಿಸಬೇಕು. ಅಲ್ಲಿನ ಉಣ್ಣೆಗಳು ಮಿದುಳಿಗೆ ಏರುವ ಜ್ವರ ಹರಡಬಲ್ಲವು.

ಊಟದ ಚಿಂತೆ ಅಮ್ಮಂದಿರನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಅದಕ್ಕೆ ಇರುವ ಮದ್ದು, ಹೋಟೆಲಿನ ಬದಲು ಅಡುಗೆಮನೆ ಇರುವ ಬಾಡಿಗೆ ಮನೆ. ಆಲ್ಪ್ಸ್ ಹಳ್ಳಿಗಳಲ್ಲಿ ಇವು ಧಾರಾಳವಾಗಿವೆ. ಕಣಿವೆಯ ಪುಟ್ಟ ಸೂಪರ್‌ಮಾರ್ಕೆಟ್ಟಿನಲ್ಲೂ ಅಕ್ಕಿ, ಗಟ್ಟಿ ಮೊಸರು, ಬೆಣ್ಣೆ, ಆಲೂಗಡ್ಡೆ, ಕ್ಯಾರೆಟ್, ಬಾಳೆಹಣ್ಣು ಸಿಗುತ್ತವೆ, ಮೊಸರನ್ನಕ್ಕೆ ಏನೂ ಕೊರತೆಯಿಲ್ಲ. ರಾಗಿ ಸರಿಹಿಟ್ಟು, ರವೆ, ಹೆಸರುಬೇಳೆ, ಸಾರಿನಪುಡಿ ಊರಿಂದ ಒಯ್ಯಬಹುದು. ತುಪ್ಪದ ಡಬ್ಬಿಯನ್ನು ಮಾತ್ರ ಪೆಟ್ಟಿಗೆಗೆ ಹಾಕಬೇಡಿ: ಯೂರೋಪ್ ಒಕ್ಕೂಟಕ್ಕೂ ಸ್ವಿಟ್ಜರ್ಲೆಂಡಿಗೂ ನಮ್ಮಂಥ ಹೊರದೇಶಗಳಿಂದ ಹಾಲಿನ ಉತ್ಪನ್ನ ತರುವಂತಿಲ್ಲ, ಪೇಡೆಯೂ ಅದರಲ್ಲಿ ಬಂತು. ಮೊಹರು ಒಡೆಯದ ಶಿಶು ಹಾಲಿನ ಪುಡಿಗೆ ಎರಡು ಕಿಲೋವರೆಗೆ ವಿನಾಯಿತಿಯಿದೆ. ಬೆಣ್ಣೆ ಅಲ್ಲೇ ಕೊಂಡು ಕಾಯಿಸಿದರೆ ಹತ್ತು ನಿಮಿಷದಲ್ಲಿ ತುಪ್ಪ. ಭಾನುವಾರ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣಗಳಲ್ಲಿರುವವು ಹೊರತು. ಬೆಟ್ಟದ ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆಗೇ. ಆದ್ದರಿಂದ ಬುತ್ತಿ ಕಟ್ಟಿಕೊಂಡೇ ಹೊರಡಿ. ಬಾಡಿಗೆ ಮನೆ ಹಳೆಯ ಮರದ್ದಾಗಿದ್ದರೆ ಒಳಗೆ ಕಾಲಿಟ್ಟ ಕೂಡಲೇ ಜಗುಲಿಯ ಕಟಕಟೆಯ ಸಂದಿಗಳನ್ನು ನೋಡಿ. ಹಿಂದಿನವರು ಅವನ್ನು ಅಗಲವಾಗಿಯೇ ಬಿಡುತ್ತಿದ್ದರು, ಮಗುವಿನ ತಲೆ ತೂರೀತು. ಕಡಿದಾದ ಏಣಿಮೆಟ್ಟಿಲಿಗೆ ಪೆಟ್ಟಿಗೆಗಳನ್ನು ಅಡ್ಡ ಇಟ್ಟರೆ ಅದೇ ಬಾಗಿಲು.

ವೀಸಾ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಕೊಡಬಹುದು. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಇರುತ್ತೀರೋ ಆ ದೇಶಕ್ಕೆ ಕೊಡಬೇಕು. ಮಗುವಿಗೆ ತನ್ನದೇ ಪಾಸ್‌ಪೋರ್ಟ್, ತನ್ನದೇ ವೀಸಾ ಬೇಕು. ಆರು ವರ್ಷದೊಳಗೆ ವೀಸಾ ಶುಲ್ಕವಿಲ್ಲ, ಹನ್ನೆರಡರೊಳಗೆ ಬೆರಳಚ್ಚಿಲ್ಲ. ತಂದೆ–ತಾಯಿಯಲ್ಲಿ ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆಪತ್ರ ಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಆ ವಿಮೆಯಲ್ಲಿ ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಸೇರಿದೆಯೇ ಎಂದು ಒಂದೊಂದು ಸಾಲನ್ನೂ ಓದಿ ನೋಡಿ. ಯೂರೋಪಿನಾದ್ಯಂತ ತುರ್ತು ಕರೆ 112. ಸ್ವಿಟ್ಜರ್ಲೆಂಡಿನ ಹೆಲಿಕಾಪ್ಟರ್ ರಕ್ಷಣೆಗೆ 1414.

ಅಜ್ಜಿ–ತಾತನನ್ನೂ ಕರೆದುಕೊಂಡು ಹೋಗಿ ಎಂದು ನಾನು ಒತ್ತಿ ಹೇಳುತ್ತೇನೆ. ಮಂಡಿನೋವಿನ ಅಜ್ಜಿಗೂ ಎರಡು ವರ್ಷದ ಮೊಮ್ಮಗುವಿಗೂ ಬೇಕಾದ ಆಲ್ಪ್ಸ್ ಒಂದೇ: ಮೆಟ್ಟಿಲಿಲ್ಲದ ರೈಲು, ಮುಚ್ಚಿದ ಕೇಬಲ್ ಕಾರ್, ಕೂರಲು ಬೆಂಚು, ಮಧ್ಯಾಹ್ನದ ನಿದ್ದೆ. ಲೌಟರ್‌ಬ್ರುನೆನ್‌ನಿಂದ ಮ್ಯೂರೆನ್‌ಗೆ ಹೋಗಿ, ಅಲ್ಲಿಂದ ಪುಟ್ಟ ಹಳಿಗಾಡಿಯಲ್ಲಿ 1,907 ಮೀಟರಿನ ಆಲ್ಮೆಂಡ್‌ಹ್ಯೂಬೆಲ್‌ಗೆ ಏರಿದರೆ, ಬೆಟ್ಟದ ಹೂಗಳ ಆಕಾರದಲ್ಲೇ ಮಾಡಿದ ಆಟದ ಅಂಗಳವಿದೆ, ಪಕ್ಕದಲ್ಲೇ ಹೋಟೆಲಿದೆ. ಅಲ್ಲಿಂದಲೇ ಐಗರ್‌ನ ಉತ್ತರ ಮುಖ ನೋಡುತ್ತ ಮ್ಯೂರೆನ್‌ಗೆ ಸುತ್ತಿ ಇಳಿಯುವ, ಎರಡು ಗಂಟೆ ಚಿಲ್ಲರೆಯ ಕಾಲುದಾರಿ ಹೊರಡುತ್ತದೆ. ಮಗುವಿನ ಬುತ್ತಿ, ಒಂದು ಜೊತೆ ಬಟ್ಟೆ, ಕುಲಾವಿ, ಹಿಂದಿರುಗುವ ಟಿಕೆಟ್ ಅಜ್ಜಿಯ ಚೀಲದಲ್ಲಿರಲಿ. ಅಜ್ಜಿ–ತಾತನ ಫೋನಿಗೂ ಅಲ್ಲಿನ ಸಿಮ್ ಹಾಕಿಸಿರಿ. ಮಗು ಅಜ್ಜಿ–ತಾತನೊಂದಿಗೆ ಆಟದ ಅಂಗಳದಲ್ಲಿರಲಿ, ಅಪ್ಪ–ಅಮ್ಮ ಇಬ್ಬರೇ ಆ ದಾರಿಯಲ್ಲಿ ಹೋಗಲಿ. ಮಗು ಹುಟ್ಟಿದ ಮೇಲೆ ಅವರಿಬ್ಬರೇ ಅಷ್ಟು ಹೊತ್ತು ನಡೆದಿರುವುದು ಅನುಮಾನ. ಹನ್ನೆರಡೂವರೆಗೆ ಎಲ್ಲರೂ ಮ್ಯೂರೆನ್‌ನ ಹಳಿಗಾಡಿ ನಿಲ್ದಾಣದ ಬಾಗಿಲಲ್ಲಿ ಸೇರುವುದೆಂದು ಮಾತಾಡಿಕೊಂಡರೆ, ಒಂದೂವರೆಯ ನಿದ್ದೆಗೆ ಮಗು ಮನೆಯಲ್ಲಿರುತ್ತದೆ.